ಫಂಕ್ಷನ್ ಕೀಲಿ (ದೂರವಾಣಿ ನಿರ್ವಹಣಾ ಟರ್ಮಿನಲ್)

ದೂರವಾಣಿ ವಿನಿಮಯ ಕೇಂದ್ರದ ನಿರ್ವಹಣಾ ಟರ್ಮಿನಲ್‌ನಲ್ಲಿ, ಒಂದು ಆದೇಶವನ್ನು ಅಥವಾ ಅದರ ಭಾಗವನ್ನು ಒಂದೇ ಬಾರಿ ಒತ್ತಿ ಕಳುಹಿಸಲು ನೆರವಾಗುವ ಕೀಲಿಗಳೇ ಫಂಕ್ಷನ್ ಕೀಲಿಗಳು. ಕೀಲಿಮಣೆಯ ಮೇಲ್ಸಾಲಿನಲ್ಲಿ ಎಫ್1, ಎಫ್2 ಮುಂತಾಗಿ ಇವುಗಳನ್ನು ಗುರುತಿಸಿರುತ್ತಾರೆ. ಇವುಗಳಲ್ಲಿ ಕೆಲವಕ್ಕೆ ಬಳಕೆದಾರರು ತಮಗೆ ಬೇಕಾದ ಪಠ್ಯವನ್ನು ತುಂಬಿಡಬಹುದು.

ಹಿನ್ನೆಲೆ

ಹಳೆಯ ಯಾಂತ್ರಿಕ ಕೇಂದ್ರಗಳಲ್ಲಿ ಒಂದು ಸಂಪರ್ಕದ ಸ್ವರೂಪವನ್ನು ಬದಲಿಸಲು ತಂತಿಗಳನ್ನೇ ಬದಲಿಸಬೇಕಾಗುತ್ತಿತ್ತು. ಡಿಜಿಟಲ್ ಕೇಂದ್ರಗಳಲ್ಲಿ ಚಂದಾದಾರರ ವಿವರಗಳು ಗಣಕದ ಸ್ಮೃತಿಗೆ ಸೇರಿದವು. ಭಾರತ ಸರ್ಕಾರವು 1984ರಲ್ಲಿ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆಯ 128 ಮಾರ್ಗಗಳ ಗ್ರಾಮೀಣ ಸ್ವಯಂಚಾಲಿತ ಕೇಂದ್ರವು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಮೊದಲು ಕಾರ್ಯಾರಂಭ ಮಾಡಿತು. ಅದೇ ಸಂಸ್ಥೆಯ ದೊಡ್ಡ ಕೇಂದ್ರಗಳಲ್ಲಿ ಚಂದಾದಾರರನ್ನು ಸೇರಿಸುವುದು, ಎಸ್‌ಟಿಡಿ ಸೌಲಭ್ಯವನ್ನು ತೆರೆಯುವುದು ಅಥವಾ ಮುಚ್ಚುವುದು, ದೋಷವನ್ನು ಪರೀಕ್ಷಿಸುವುದು ಎಲ್ಲವೂ ಟರ್ಮಿನಲ್‌ನಲ್ಲಿ ಬೆರಳಚ್ಚಿಸಿದ ಆದೇಶಗಳಿಂದಲೇ ನಡೆಯುತ್ತವೆ. ದೂರದ ಹಳ್ಳಿಯಲ್ಲಿರುವ ಉಪಘಟಕವೂ ಮಾತೃಕೇಂದ್ರದ ಆದೇಶಕ್ಕೆ ಒಳಪಟ್ಟಿರುತ್ತದೆ. ಆದ್ದರಿಂದ ಪೇಟೆಯಲ್ಲಿ ತಪ್ಪಾಗಿ ಒತ್ತಿದ ಒಂದು ಕೀಲಿಯು ಹತ್ತಾರು ಮೈಲಿ ಆಚೆಯ ಒಂಟಿಮನೆಯ ದೂರವಾಣಿಯನ್ನು ಮೂಕವಾಗಿಸಬಲ್ಲದು.

ಕಾರ್ಯವಿಧಾನ

ಫಂಕ್ಷನ್ ಕೀಲಿಯು ಯಾವ ಕೆಲಸವನ್ನೂ ತಾನಾಗಿ ಮಾಡುವುದಿಲ್ಲ. ಅದು ‘ಎಸ್ಕೇಪ್’ ಎಂಬ ಸಂಕೇತದಿಂದ ಆರಂಭವಾಗುವ ಅಕ್ಷರಸರಣಿಯೊಂದನ್ನು ಕಳುಹಿಸುತ್ತದೆಯಷ್ಟೆ. ಅದಕ್ಕೆ ಅರ್ಥ ಕೊಡುವುದು ಎದುರಿನ ಗಣಕ. ಅವಾಯಾ ಕಂಪನಿಯ ಖಾಸಗಿ ವಿನಿಮಯ ಕೇಂದ್ರಗಳಲ್ಲಿ ಎಫ್1 ಎಂದರೆ ರದ್ದು, ಎಫ್3 ಎಂದರೆ ಸಲ್ಲಿಕೆ, ಎಫ್5 ಎಂದರೆ ಸಹಾಯ. ಪ್ರವೇಶಿಸುವಾಗಲೇ ಆ ವ್ಯವಸ್ಥೆಯು ಟರ್ಮಿನಲ್‌ನ ಮಾದರಿಯನ್ನು ಕೇಳುತ್ತದೆ. ಅಲ್ಲಿ ಒಂದು ಮಾದರಿಯನ್ನು ಹೇಳಿ ಮೇಜಿನ ಮೇಲೆ ಇನ್ನೊಂದನ್ನು ಇಟ್ಟುಕೊಂಡರೆ ಕೀಲಿಗಳು ಕೆಲಸ ಮಾಡದೆ ಹೋಗಬಹುದು, ಅಥವಾ ಬೇರೆಯೇ ಅರ್ಥ ಪಡೆಯಬಹುದು. ‘ಕೀಲಿಮಣೆ ಕೆಟ್ಟಿದೆ’ ಎಂಬ ತೀರ್ಮಾನಕ್ಕೆ ಬರುವ ಮೊದಲು ಇದನ್ನು ನೋಡುವುದು ಒಳಿತು.

ಪಠ್ಯ ತುಂಬುವ ವಿಧಾನ

ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1983ರಲ್ಲಿ ಹೊರತಂದ ವಿಟಿ220 ಇಲ್ಲಿ ಮಾದರಿಯಾಗಿ ನಿಲ್ಲುತ್ತದೆ. ಅದರ ಎಫ್1ರಿಂದ ಎಫ್5ರವರೆಗಿನ ಕೀಲಿಗಳು ಪರದೆ ತಡೆ, ಮುದ್ರಣ, ಹೊಂದಾಣಿಕೆ ಮುಂತಾದ ಟರ್ಮಿನಲ್‌ನ ಸ್ವಂತ ಕೆಲಸಗಳಿಗೆ ಮೀಸಲು. ಎಫ್6ರಿಂದ ಎಫ್20ರವರೆಗಿನ ಹದಿನೈದು ಕೀಲಿಗಳಿಗೆ ಪಠ್ಯವನ್ನು ತುಂಬಬಹುದು. ಶಿಫ್ಟ್ ಹಿಡಿದು ಒತ್ತಿದಾಗ ಮಾತ್ರ ಆ ಪಠ್ಯ ಹೊರಡುತ್ತದೆ. ತುಂಬುವ ಆದೇಶದಲ್ಲಿ ಕೀಲಿಯ ಸಂಖ್ಯೆಯೂ (ಎಫ್6ಕ್ಕೆ 17, ಎಫ್7ಕ್ಕೆ 18) ಅದರ ಮುಂದೆ ಹೆಕ್ಸಾಡೆಸಿಮಲ್ ಅಂಕಿಗಳಲ್ಲಿ ಬರೆದ ಪಠ್ಯವೂ ಇರುತ್ತವೆ. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ 41, ‘ಬಿ’ಗೆ 42. ಎಲ್ಲ ಕೀಲಿಗಳಿಗೂ ಸೇರಿ ದೊರೆಯುವ ಸ್ಥಳ 256 ಬೈಟ್ ಮಾತ್ರ. ಉದ್ದನೆಯ ಒಂದೆರಡು ಆದೇಶಗಳೇ ಇದರಲ್ಲಿ ಬಹುಪಾಲನ್ನು ನುಂಗಿಬಿಡುತ್ತವೆ.

ಪಠ್ಯದ ಕೊನೆಯಲ್ಲಿ ರಿಟರ್ನ್ ಸಂಕೇತವನ್ನು, ಅಂದರೆ ಆಸ್ಕಿಯ 13ನ್ನು, ಸೇರಿಸಬೇಕೆ ಎಂಬುದು ಮುಖ್ಯ ಪ್ರಶ್ನೆ. ಸೇರಿಸಿದರೆ ಕೀಲಿ ಒತ್ತಿದೊಡನೆ ಆದೇಶ ಜಾರಿಯಾಗುತ್ತದೆ. ಸೇರಿಸದಿದ್ದರೆ ಪಠ್ಯ ಪರದೆಯ ಮೇಲೆ ನಿಂತು ಕಾಯುತ್ತದೆ. ವಿವರ ತೋರಿಸುವ ಆದೇಶಗಳಿಗೆ ಅದನ್ನು ಸೇರಿಸಿದರೆ ಹಾನಿಯಿಲ್ಲ. ಸಂಪರ್ಕ ಅಳಿಸುವ ಅಥವಾ ಮಾರ್ಗವನ್ನು ಸೇವೆಯಿಂದ ಹೊರಗಿಡುವ ಆದೇಶಗಳಿಗೆ ಎಂದೂ ಸೇರಿಸಬಾರದು. ಚಂದಾದಾರರ ಸಂಖ್ಯೆಯನ್ನು ಕೈಯಾರೆ ಬರೆದು, ಓದಿ ನೋಡಿ ಕಳುಹಿಸುವುದೇ ಕ್ಷೇಮ.

ವಿದ್ಯುತ್ ಕಡಿತದ ಪರಿಣಾಮ

ವಿಟಿ220ರಲ್ಲಿ ತುಂಬಿದ ಪಠ್ಯವು ವಿದ್ಯುತ್ ಹೋದೊಡನೆ ಅಳಿಸಿಹೋಗುತ್ತದೆ. ಕುಂದಾಪುರ ಸೀಮೆಯ ಸಿದ್ದಾಪುರದಂತಹ ಘಟ್ಟದ ಬುಡದ ಊರುಗಳಲ್ಲಿ ಮಳೆಗಾಲದ ವಿದ್ಯುತ್ ಕಡಿತ ಹೊಸದಲ್ಲ. ವಿನಿಮಯ ಕೇಂದ್ರವು 48 ವೋಲ್ಟ್‌ನ ಬ್ಯಾಟರಿಗಳಿಂದ ನಡೆಯುತ್ತಲೇ ಇದ್ದರೂ, ಟರ್ಮಿನಲ್‌ಗೆ ಬದಲಿ ವಿದ್ಯುತ್ ಇಲ್ಲದಿದ್ದರೆ ಕೀಲಿಗಳು ಬರಿದಾಗುತ್ತವೆ. ಪಠ್ಯವನ್ನು ಗಣಕದ ಕಡತವೊಂದರಲ್ಲಿ ಉಳಿಸಿಟ್ಟು ಪ್ರವೇಶಿಸಿದಾಗಲೆಲ್ಲ ಮರುತುಂಬುವುದು ಇದಕ್ಕೆ ಪರಿಹಾರ. ಈಗ ವೈಯಕ್ತಿಕ ಗಣಕದಲ್ಲಿ ಬಳಸುವ ಪುಟ್ಟಿಯಂತಹ ತಂತ್ರಾಂಶಗಳಲ್ಲಿ ಹೊಂದಾಣಿಕೆಗಳನ್ನು ಉಳಿಸಿಡಬಹುದು. ಆದರೆ ಫಂಕ್ಷನ್ ಕೀಲಿಗಳ ಸಂಕೇತಮಾದರಿಯನ್ನು ಅಲ್ಲಿಯೂ ಆಯ್ದುಕೊಳ್ಳಬೇಕಾಗುತ್ತದೆ.