ನಕ್ಷತ್ರ ಗಳಿಸುವುದಷ್ಟೇ ಆಟವಲ್ಲ

ಹಣ ಕಟ್ಟಿ ಆಡುವ ಆನ್‌ಲೈನ್ ರಮ್ಮಿಯನ್ನು ತೆಲಂಗಾಣ 2017ರಲ್ಲಿ ನಿಷೇಧಿಸಿದ ಮೇಲೆ, ಹೈದರಾಬಾದಿನಲ್ಲಿ ಗೇಮ್ ಎಂದ ಕೂಡಲೇ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಶಾಲೆಗಳದು ಇನ್ನೊಂದು ಬಗೆ: ಲೆಕ್ಕ ಸರಿಯಾದರೆ ಮೂರು ನಕ್ಷತ್ರ ಕೊಡುವ ಆ್ಯಪ್ ಕೊಂಡು, ಮಕ್ಕಳು ಆಟದಿಂದ ಕಲಿಯುತ್ತಿದ್ದಾರೆ ಎಂದು ಬೀಗುತ್ತವೆ. ಹಳೆಯ ಉರುಹೊಡೆತಕ್ಕೇ ಬಣ್ಣ ಬಳಿದದ್ದು ಅದು.

ಆಟದಿಂದ ನೀತಿ ಕಲಿಸುವುದು ನಮಗೆ ಹೊಸದೇನಲ್ಲ. ಪರಮಪದ ಸೋಪಾನಪಟ ಮಾಡಿದ್ದು ಅದನ್ನೇ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೇ ಮೀಸಲಾದ ಕೌತುಕನಿಧಿಯೆಂಬ ಭಾಗವಿದೆ. ಕಂಪ್ಯೂಟರಿಗೆ ಬಂದರೆ, ಅಮೆರಿಕದ ಶಾಲೆಗಳಿಗಾಗಿ 1971ರಲ್ಲಿ ಹುಟ್ಟಿದ ಆರೆಗಾನ್ ಟ್ರೇಲ್ ಚರಿತ್ರೆ ಹೇಳಿತು. ವಿದ್ವಾಂಸ ಜೇಮ್ಸ್ ಪಾಲ್ ಗೀ 2003ರಲ್ಲಿ ಗೇಮು ಮತ್ತು ಕಲಿಕೆಯ ಬಗ್ಗೆ ಪುಸ್ತಕ ಬರೆದ ಮೇಲೆ ವಿಶ್ವವಿದ್ಯಾಲಯಗಳೂ ಇತ್ತ ತಿರುಗಿದವು.

ನನ್ನ ಪ್ರಕಾರ ಇಂಥ ಆಟಗಳ ಸುಗ್ಗಿಯ ಕಾಲ ಶುರುವಾದದ್ದು 2013ರಲ್ಲಿ, ಲೂಕಸ್ ಪೋಪ್‌ನ ಪೇಪರ್ಸ್, ಪ್ಲೀಸ್ ಬಂದಾಗ. ಆಡುವವರು ಗಡಿಯ ಗುಮಾಸ್ತ. ಗಂಡನ ಕಾಗದ ಸರಿಯಿದೆ, ಒಳಗೆ ಬಿಟ್ಟಿರಿ. ಹಿಂದೆಯೇ ಹೆಂಡತಿ ಬರುತ್ತಾಳೆ. ಅವಳ ಬಳಿ ಒಂದು ಕಾಗದ ಕಡಿಮೆ. ಬಿಟ್ಟರೆ ಮೆಮೋ, ಮೆಮೋ ಹೆಚ್ಚಾದರೆ ಸಂಬಳಕ್ಕೆ ಕತ್ತರಿ, ಮನೆಯಲ್ಲಿ ಮಗುವಿಗೆ ಊಟ, ಔಷಧಿ ಆಗಬೇಕು. ಯಾವ ಕಾದಂಬರಿಯೂ ಒಳಬಿಡುವ ಮುದ್ರೆಯನ್ನು ಓದುಗನ ಕೈಗೇ ಕೊಟ್ಟು ಹೀಗೆ ಸಿಕ್ಕಿಸಲಾರದು. ಯುದ್ಧದಲ್ಲಿ ಸಿಕ್ಕಿಬಿದ್ದ ಸಾಮಾನ್ಯರ ಪಾಡನ್ನು ಹೇಳುವ ದಿಸ್ ವಾರ್ ಆಫ್ ಮೈನ್ (2014) ಆಟವನ್ನು ಪೋಲೆಂಡ್ 2020ರಲ್ಲಿ ಪ್ರೌಢಶಾಲೆಯ ಓದುಪಟ್ಟಿಗೆ ಸೇರಿಸುವುದಾಗಿ ಸಾರಿತು. ನಮ್ಮ ಪಠ್ಯಪುಸ್ತಕ ಸಮಿತಿಗಳಿಗೆ ಈ ಸುದ್ದಿ ಮುಟ್ಟಿದಂತಿಲ್ಲ.

ಭಾರತದಲ್ಲಿ 2016ರ ಮಿಸ್ಸಿಂಗ್, ಕಳ್ಳಸಾಗಣೆಗೆ ಸಿಕ್ಕ ಹುಡುಗಿಯ ಜಾಗದಲ್ಲಿ ನಮ್ಮನ್ನು ನಿಲ್ಲಿಸಿತು. ಲೀನಾ ಕೇಜ್ರಿವಾಲ್ ಕೋಲ್ಕತ್ತದಲ್ಲಿ ಮಾಡಿಸಿದ್ದು. ಧ್ರುವ್ ಜಾನಿಯವರ ಸ್ಟುಡಿಯೊ ಓಲಿಯೊಮಿಂಗಸ್ ಇಲ್ಲದ ಕವಿಯೊಬ್ಬನನ್ನು ಕಲ್ಪಿಸಿಕೊಂಡು, ಅವನ ಬರಹದೊಳಗೆ ಓಡಾಡುವ ಆಟಗಳನ್ನು ಕಟ್ಟಿತು. ಮುಗ್ಧ ಸೊಗಸಿಗಿಂತ ತುಸು ಜಾಣತನ ಹೆಚ್ಚಾಯಿತೇನೋ, ಆದರೆ ಸಾಹಿತ್ಯವೆಂದು ಕರೆಯಲು ನನಗೆ ಹಿಂಜರಿಕೆಯಿಲ್ಲ.

ನಮ್ಮ ಅಡುಗೆಮನೆಗೇ ಬಂದದ್ದು ವೆಣ್ಬಾ. ಟೊರೊಂಟೊದ ವಿಸೈ ಗೇಮ್ಸ್ 2023ರಲ್ಲಿ ತಂದ ಇದಕ್ಕೆ ಮರುವರ್ಷ ಬಾಫ್ಟಾ ಪ್ರಶಸ್ತಿ ಬಂತು. ಕೆನಡಾಕ್ಕೆ ಹೋದ ತಮಿಳು ದಂಪತಿ; ಹೆಂಡತಿಯ ಅಮ್ಮನ ಅಡುಗೆ ಪುಸ್ತಕ ಹರಿದು, ಅಕ್ಷರ ಅಳಿಸಿಹೋಗಿದೆ. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಮೇಲಿನವರೆಗೆ ಏರುತ್ತದೆಂದು ನಾವೇ ಊಹಿಸಬೇಕು. ಮುಂದೆ ಪುಸ್ತಕ ಮಗನ ಕೈಗೆ ಬರುತ್ತದೆ. ಅವನಿಗೆ ತಮಿಳು ಸರಿಯಾಗಿ ಓದಲು ಬಾರದು. ಭಾಷೆ ಕಳೆದುಕೊಳ್ಳುವುದೇನೆಂದು ಭಾಷಣ ಬಿಗಿಯದೆ ತಿಳಿಸಿದ ಆಟ ಇದು.

ಇನ್ನು ಹೈದರಾಬಾದ್. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದೇ ರಾಜ್ಯ 2016ರಲ್ಲಿ ನೀತಿ ರೂಪಿಸಿತು. ದೇಶದ ಗೇಮ್ ತಯಾರಕರ ದೊಡ್ಡ ಸಮಾವೇಶ ಐಜಿಡಿಸಿ ಹಲವು ವರ್ಷ ಇಲ್ಲಿ ನಡೆಯಿತು. ಇಲ್ಲಿನ ಓಗರ್ ಹೆಡ್ ಸ್ಟುಡಿಯೊ 2017ರಲ್ಲಿ ಪುರಾಣದ ಛಾಯೆಯ ಅಸುರ ತಂದಿತು. ಕೈಚಳಕ ಚೆನ್ನಾಗಿದೆ, ಆದರೆ ಎಲ್ಲ ಕತ್ತಿವರಸೆ. ಅದೇ ಊರಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾದ ಇಫ್ಲುವಿನಲ್ಲಿ ಸಾಹಿತ್ಯ ಓದಿದವರು ಈ ಸ್ಟುಡಿಯೊಗಳ ಮೆಟ್ಟಿಲು ಹತ್ತುವುದು ಅಪರೂಪ. ಸೌವಿಕ್ ಮುಖರ್ಜಿ ಕೋಲ್ಕತ್ತದಲ್ಲಿ ಕುಳಿತು ಗೇಮು ಮತ್ತು ವಸಾಹತೋತ್ತರ ಚಿಂತನೆಯ ಬಗ್ಗೆ 2017ರಲ್ಲೇ ಪುಸ್ತಕ ಬರೆದರು. ಕನ್ನಡ ವಿಮರ್ಶೆ ಇತ್ತ ಕಣ್ಣು ಹಾಯಿಸಿದ್ದು ಕಡಿಮೆ.

ಹಣದಾಟವನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆ ಶೈಕ್ಷಣಿಕ ಆಟಗಳನ್ನು ಬೇರೆಯಾಗಿ ಗುರುತಿಸಿದೆ; ಗೇಮೆಂದರೆ ಜೂಜು ಎಂಬ ನೆಪ ಇನ್ನು ನಡೆಯದು. ದುಡ್ಡಿನ ನೆಪವೂ ಅಷ್ಟೇ. 2009ರಿಂದ ಪುಕ್ಕಟೆ ಸಿಗುವ ತಂತ್ರಾಂಶ ಟ್ವೈನ್‌ನಲ್ಲಿ ಕವಲೊಡೆಯುವ ಕಥೆಯನ್ನು ಒಬ್ಬರೇ ಕಟ್ಟಬಹುದು, ಕನ್ನಡದಲ್ಲೇ ಟೈಪಿಸಬಹುದು. ಕಾಚಿಗುಡದ ಕನ್ನಡದ ಮನೆಯಲ್ಲಿ ಅಜ್ಜಿಯ ಮಾತು ಅರ್ಧ ತಿಳಿದು, ಉತ್ತರವನ್ನು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಕೊಡುವ ಮೊಮ್ಮಗನ ಕಥೆಗೆ ಪ್ರೋಗ್ರಾಮರ್ ಬೇಕಿಲ್ಲ, ಕಥೆಗಾರ ಬೇಕು.