ಶಾಂಘೈನಿಂದ ನಿಂತೇ ಬರುವ ಕ್ರೇನುಗಳು

2023ರ ಅಕ್ಟೋಬರ್ 15ರಂದು ಕೇರಳದ ವಿಳಿಂಜಂನಲ್ಲಿ ಒಂದು ಅಪರೂಪದ ಸ್ವಾಗತ ಸಮಾರಂಭ ನಡೆಯಿತು. ತಿರುವನಂತಪುರದ ಬಳಿ ಕಟ್ಟುತ್ತಿದ್ದ ಹೊಸ ಬಂದರಿಗೆ ಮೊದಲ ಹಡಗು ಬಂದಿತ್ತು. ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರೇ ಬಂದು ಬರಮಾಡಿಕೊಂಡ ಆ ಹಡಗಿನ ಹೆಸರು ‘ಝೆನ್‌ಹುವಾ 15’. ಅದರಲ್ಲಿ ಮಾರುಕಟ್ಟೆಗೆ ಹೋಗುವ ಸರಕೇನೂ ಇರಲಿಲ್ಲ. ಮುಂದೆ ಬರಲಿರುವ ಹಡಗುಗಳ ಸರಕನ್ನು ಎತ್ತಿಳಿಸಬೇಕಾದ ಕ್ರೇನುಗಳೇ ಅದರ ಮೇಲೆ ನೆಟ್ಟಗೆ ನಿಂತಿದ್ದವು.

ಸಮಾರಂಭ ಮುಗಿದರೂ ಕ್ರೇನುಗಳು ಕೂಡಲೇ ದಡ ಸೇರಲಿಲ್ಲ. ಹಡಗಿನಲ್ಲಿದ್ದ ಚೀನಾ ಸಿಬ್ಬಂದಿ ನೆಲಕ್ಕೆ ಕಾಲಿಡಲು ಅಧಿಕಾರಿಗಳ ಅನುಮತಿ ಬೇಕಾಗಿತ್ತು. ಅದು ಸಿಗುವುದು ತಡವಾಯಿತು. ಕ್ರೇನಿಗೆ ಸ್ವಾಗತ, ತಂದವರ ಮೇಲೆ ಅನುಮಾನ! ಈ ಇಬ್ಬಂದಿ ನಮ್ಮ ದೇಶದ್ದು ಮಾತ್ರವಲ್ಲ. ಶಾಂಘೈ ಝೆನ್‌ಹುವಾ ಹೆವಿ ಇಂಡಸ್ಟ್ರೀಸ್ ಎಂಬ ಈ ಚೀನಾ ಸರ್ಕಾರಿ ಕಂಪೆನಿಯ ಯಂತ್ರ ಕೊಂಡ ಹಲವು ದೇಶಗಳು ಇಂದು ಇದೇ ಪಾಡಿನಲ್ಲಿವೆ. ಹಡಗಿನಿಂದ ದಡಕ್ಕೆ ಕಂಟೇನರ್ ಇಳಿಸುವ ಕ್ರೇನುಗಳ ವಿಶ್ವ ಮಾರುಕಟ್ಟೆಯಲ್ಲಿ ಸುಮಾರು ಶೇ 70ರಷ್ಟು ಪಾಲು ಈ ಒಂದೇ ಕಂಪೆನಿಯದು. ಹೀಗೇಕಾಯಿತು?

ಮೊದಲ ಕ್ರೇನ್

ಈ ಯಂತ್ರ ಹುಟ್ಟಿದ್ದು ಚೀನಾದಲ್ಲಲ್ಲ, ಅಮೆರಿಕದಲ್ಲಿ. 1950ರ ದಶಕದವರೆಗೂ ಬಂದರುಗಳಲ್ಲಿ ಮೂಟೆ, ಪೀಪಾಯಿ, ಪೆಟ್ಟಿಗೆಗಳನ್ನು ಕೂಲಿಗಳೇ ಇಳಿಸುತ್ತಿದ್ದರು. ಹಡಗು ಕಡಲಿನಲ್ಲಿ ಕಳೆಯುವಷ್ಟೇ ಕಾಲವನ್ನು ಧಕ್ಕೆಯಲ್ಲೂ ಕಳೆಯುವುದುಂಟಿತ್ತು. ಸರಕನ್ನೆಲ್ಲ ದೊಡ್ಡ ಉಕ್ಕಿನ ಪೆಟ್ಟಿಗೆಯಲ್ಲಿ ತುಂಬಿ, ಪೆಟ್ಟಿಗೆಯನ್ನೇ ಎತ್ತಿಡುವ ಕಂಟೇನರ್ ಪದ್ಧತಿ ಬಂದಾಗ ಅದಕ್ಕೆ ತಕ್ಕ ಯಂತ್ರವೂ ಬೇಕಾಯಿತು. ಹವಾಯಿಗೆ ಸರಕು ಸಾಗಿಸುತ್ತಿದ್ದ ಮ್ಯಾಟ್ಸನ್ ಕಂಪೆನಿಗಾಗಿ ‘ಪ್ಯಾಸಿಕೊ’ ಎಂಬ ಸಂಸ್ಥೆ 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಲಮೀಡಾದಲ್ಲಿ ಮೊದಲ ಕಂಟೇನರ್ ಕ್ರೇನನ್ನು ನಿಲ್ಲಿಸಿತು. 18 ಟನ್ ತೂಕದ ಪೆಟ್ಟಿಗೆಯನ್ನು ಅದು ಮೂರು ನಿಮಿಷಕ್ಕೊಂದರಂತೆ ಎತ್ತಿಡುತ್ತಿತ್ತು.

ಇಂದಿನ ಕ್ರೇನುಗಳದ್ದೂ ಅದೇ ಮೈಕಟ್ಟು. ಹಳಿಯ ಮೇಲೆ ನಿಂತ ನಾಲ್ಕು ಕಾಲು. ಹಡಗಿನ ಮೇಲಕ್ಕೆ ಚಾಚುವ ಉದ್ದನೆಯ ತೋಳು. ತೋಳಿನುದ್ದಕ್ಕೂ ಓಡಾಡುವ ಗಾಡಿ. ಗಾಡಿಯಿಂದ ಇಳಿದು ಕಂಟೇನರಿನ ನಾಲ್ಕು ಮೂಲೆಗಳನ್ನು ಹಿಡಿಯುವ ಚೌಕಟ್ಟು. ಬದಲಾದದ್ದು ಗಾತ್ರ. ಈಗಿನ ದೊಡ್ಡ ಕ್ರೇನ್ ಸಾವಿರ ಟನ್ನಿಗೂ ಮೀರಿ ತೂಗುತ್ತದೆ. ತೋಳನ್ನು ಮೇಲೆತ್ತಿದರೆ ನೂರು ಮೀಟರನ್ನೂ ದಾಟುತ್ತದೆ.

ಅಮೆರಿಕ ಈ ಉದ್ಯಮವನ್ನು ಬಹುಕಾಲ ಉಳಿಸಿಕೊಳ್ಳಲಿಲ್ಲ. ಜಪಾನ್, ಕೊರಿಯಾ, ಜರ್ಮನಿಯ ಕಾರ್ಖಾನೆಗಳು ಮುಂದೆ ಬಂದವು. ಪ್ಯಾಸಿಕೊ ಸಂಸ್ಥೆಯೇ ಜಪಾನಿನ ಮಿತ್ಸುಯಿ ಸಮೂಹದ ಪಾಲಾಯಿತು.

ಹಡಗು ಕೊಂಡ ಎಂಜಿನಿಯರ್

1992ರಲ್ಲಿ ಶಾಂಘೈನಲ್ಲಿ ಝೆನ್‌ಹುವಾ ಬಂದರು ಯಂತ್ರ ಕಂಪೆನಿ ಆರಂಭವಾಯಿತು. ‘ಝೆನ್‌ಹುವಾ’ ಎಂದರೆ ಚೀನಾವನ್ನು ಮತ್ತೆ ಮೇಲೆತ್ತುವುದು ಎಂದರ್ಥ. ಅದರ ರೂವಾರಿ ಗುವಾನ್ ತುಂಗ್‌ಷಿಯಾನ್‌ಗೆ ಆಗ 59 ವರ್ಷ. ಮಾವೊ ಕಾಲದಲ್ಲಿ ‘ಬಲಪಂಥೀಯ’ ಎಂಬ ಹಣೆಪಟ್ಟಿ ಹೊತ್ತು ಈಶಾನ್ಯ ಚೀನಾದ ಬೀಳುಭೂಮಿಯಲ್ಲಿ ದುಡಿಯಲು ಕಳುಹಿಸಲ್ಪಟ್ಟಿದ್ದ ಎಂಜಿನಿಯರ್ ಆತ. ಬೇರೆಯವರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ, ಹತ್ತಾರು ಮಂದಿಯನ್ನು ಕಟ್ಟಿಕೊಂಡು ಕೆಲಸಕ್ಕಿಳಿದರು. ಮೊದಲ ವಿದೇಶಿ ಗಿರಾಕಿ ಕೆನಡಾದ ವ್ಯಾಂಕೂವರ್ ಬಂದರು. ನಂತರ ಅಮೆರಿಕದ ಮಯಾಮಿ ಬಂದರಿನ ಬೇಡಿಕೆ ಬಂತು.

ಅಗ್ಗದ ಕೂಲಿ, ಕಡಿಮೆ ಬೆಲೆ, ಸರ್ಕಾರದ ಬೆಂಬಲ ಇವೆಲ್ಲ ಕಂಪೆನಿಗೆ ನೆರವಾದದ್ದು ನಿಜ. ಆದರೆ ಅದರ ಜಾಣತನ ಕಾಣುವುದು ಸಾಗಣೆಯಲ್ಲಿ. ಕ್ರೇನನ್ನು ಬಿಡಿಭಾಗಗಳಾಗಿ ಕಳುಹಿಸಿದರೆ, ಕೊಂಡ ಬಂದರಿನಲ್ಲಿ ತಿಂಗಳುಗಟ್ಟಲೆ ಜೋಡಿಸಬೇಕು. ಅಷ್ಟು ದಿನ ಧಕ್ಕೆಯ ಆ ಭಾಗದಲ್ಲಿ ವಹಿವಾಟು ನಿಂತಂತೆಯೇ. ಇಡೀ ಕ್ರೇನನ್ನೇ ಹೊತ್ತೊಯ್ಯಬಲ್ಲ ಹಡಗುಗಳು ಯೂರೋಪಿನ ಕೆಲವರ ಬಳಿ ಮಾತ್ರ ಇದ್ದವು; ಅವುಗಳ ಬಾಡಿಗೆ ದುಬಾರಿ. ಗುವಾನ್ ಹಳೆಯ ಹಡಗುಗಳನ್ನು ಕೊಂಡು, ಕ್ರೇನ್ ಹೊರುವಂತೆ ಮಾರ್ಪಡಿಸಿದರು. ಹೀಗೆ ಬೆಳೆದ ಪಡೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಡಗುಗಳು ಸೇರಿದವು.

ಯಾಂಗ್‌ಸೀ ನದಿ ಕಡಲು ಸೇರುವಲ್ಲಿರುವ ಚಾಂಗ್‌ಷಿಂಗ್ ದ್ವೀಪದಲ್ಲಿ ಕಂಪೆನಿಯ ಮುಖ್ಯ ಕಾರ್ಖಾನೆಯಿದೆ. ಅಲ್ಲಿ ಪೂರ್ತಿ ಸಿದ್ಧವಾದ ಕ್ರೇನನ್ನು ಹಡಗಿಗೆ ಏರಿಸಿ, ಅಲುಗಾಡದಂತೆ ಡೆಕ್ಕಿಗೆ ಬಿಗಿಯುತ್ತಾರೆ. ಗುರಿ ಮುಟ್ಟಿದ ಮೇಲೆ ಉಬ್ಬರವಿಳಿತದ ಹೊತ್ತು ನೋಡಿ ಡೆಕ್ಕನ್ನು ಧಕ್ಕೆಯ ಮಟ್ಟಕ್ಕೆ ತಂದು, ನಡುವೆ ಹಳಿ ಹಾಸಿ, ಕ್ರೇನನ್ನು ಮೆಲ್ಲಗೆ ಉರುಳಿಸುತ್ತಾರೆ. ಭಾರ ಸರಿದಂತೆಲ್ಲ ಹಡಗು ವಾಲದಿರಲು ಅದರ ತೊಟ್ಟಿಗಳಿಗೆ ನೀರು ತುಂಬುವುದು, ಖಾಲಿ ಮಾಡುವುದು ನಡೆದೇ ಇರುತ್ತದೆ.

ಈ ಹಡಗುಗಳ ದಾರಿ ಸುಖದ್ದೇನಲ್ಲ. 2008ರ ಡಿಸೆಂಬರ್ 17ರಂದು ಏಡನ್ ಕೊಲ್ಲಿಯಲ್ಲಿ ‘ಝೆನ್‌ಹುವಾ 4’ನ್ನು ಕಡಲ್ಗಳ್ಳರು ಹತ್ತಿದರು. ಹಡಗಿನ 30 ಮಂದಿ ಒಳಗಿನಿಂದ ಬಾಗಿಲು ಭದ್ರಪಡಿಸಿಕೊಂಡು, ಬೆಂಕಿ ಹಚ್ಚಿದ ಬಾಟಲಿಗಳನ್ನು ಎಸೆದು, ನೀರಿನ ಪೈಪುಗಳಿಂದ ಹೊಡೆದು ಗಂಟೆಗಟ್ಟಲೆ ಹೋರಾಡಿದರು. ಮಲೇಷ್ಯಾ ನೌಕಾಪಡೆಯ ಹೆಲಿಕಾಪ್ಟರ್ ನೆರವಿಗೆ ಬಂದ ಮೇಲೆ ಕಳ್ಳರು ಕಾಲ್ತೆಗೆದರು.

ಕೊಲ್ಲಿಗೆ ಬಂದ ಸೇತುವೆ

2009ರಲ್ಲಿ ಕಂಪೆನಿ ತನ್ನ ಹೆಸರಿನಲ್ಲಿದ್ದ ‘ಬಂದರು ಯಂತ್ರ’ವನ್ನು ಕೈಬಿಟ್ಟು ‘ಹೆವಿ ಇಂಡಸ್ಟ್ರೀಸ್’ ಎಂದು ಸೇರಿಸಿಕೊಂಡಿತು. ಅಷ್ಟರಲ್ಲಾಗಲೇ ಅದರ ಕೈಯಲ್ಲಿ ಒಂದು ಭಾರಿ ಸೇತುವೆಯ ಕೆಲಸವಿತ್ತು. 1989ರ ಅಕ್ಟೋಬರಿನ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ–ಓಕ್ಲೆಂಡ್ ನಡುವಿನ ಬೇ ಬ್ರಿಜ್ಜಿನ ಒಂದು ಭಾಗ ಕುಸಿದಿತ್ತು. ಅದರ ಪೂರ್ವಭಾಗವನ್ನು ಹೊಸದಾಗಿ ಕಟ್ಟುವಾಗ, ತೂಗುಭಾಗದ ಸುಮಾರು 160 ಮೀಟರ್ ಎತ್ತರದ ಗೋಪುರವನ್ನೂ ರಸ್ತೆಯ ಉಕ್ಕಿನ ತೊಲೆಗಳನ್ನೂ ಚಾಂಗ್‌ಷಿಂಗ್ ದ್ವೀಪದಲ್ಲೇ ತಯಾರಿಸಲಾಯಿತು. ಕೇಂದ್ರದ ಹಣ ಪಡೆದರೆ ಸ್ವದೇಶಿ ಉಕ್ಕನ್ನೇ ಬಳಸಬೇಕೆಂಬ ನಿಯಮವಿತ್ತು. ಕ್ಯಾಲಿಫೋರ್ನಿಯಾ ರಾಜ್ಯ ಈ ಭಾಗಕ್ಕೆ ಕೇಂದ್ರದ ಹಣ ಪಡೆಯದೆ ನಿಯಮದಿಂದ ಪಾರಾಯಿತು.

ಕೆಲಸ ಸಲೀಸಾಗಿ ನಡೆಯಲಿಲ್ಲ. ಬೆಸುಗೆಗಳಲ್ಲಿ ಬಿರುಕು ಕಂಡು ಕೆಲಸ ತಡವಾಯಿತು. ಅಮೆರಿಕದ ತಪಾಸಣೆಗಾರರು ಶಾಂಘೈನಲ್ಲಿ ಬೀಡುಬಿಡಬೇಕಾಯಿತು. ಹಾಗೆಂದು ದೋಷವೆಲ್ಲ ಚೀನಾದ್ದೆನ್ನುವಂತಿಲ್ಲ. 2013ರ ಮಾರ್ಚ್‌ನಲ್ಲಿ ಇದೇ ಸೇತುವೆಯ 96 ಉಕ್ಕಿನ ಸರಳುಗಳ ಪೈಕಿ 32 ಮುರಿದವು. ಅವು ಅಮೆರಿಕದಲ್ಲೇ ತಯಾರಾದವು! 2013ರ ಸೆಪ್ಟೆಂಬರ್‌ನಲ್ಲಿ ಸೇತುವೆ ಸಂಚಾರಕ್ಕೆ ತೆರೆಯಿತು. ಓಕ್ಲೆಂಡಿನ ಪಕ್ಕದ ಊರೇ ಅಲಮೀಡಾ. ಜಗತ್ತಿಗೆ ಮೊದಲ ಕಂಟೇನರ್ ಕ್ರೇನ್ ಕೊಟ್ಟ ಕೊಲ್ಲಿಗೆ, ಐದು ದಶಕಗಳ ನಂತರ ಕ್ರೇನುಗಳೂ ಸೇತುವೆಯೂ ಶಾಂಘೈನಿಂದ ಬಂದವು.

ಬಿಟ್ಟ ವಿದ್ಯೆ

ಈಗಿನ ಕ್ರೇನ್ ಬರೀ ಉಕ್ಕಿನ ಚೌಕಟ್ಟಲ್ಲ. ಅದರೊಳಗೆ ಕಂಪ್ಯೂಟರ್ ಇದೆ. ದೂರದಿಂದಲೇ ನಡೆಸುವ, ದುರಸ್ತಿ ಮಾಡುವ ಸೌಲಭ್ಯವಿದೆ. ನಿಯಂತ್ರಣ ಉಪಕರಣಗಳು ಹಲವು ವೇಳೆ ಸ್ವಿಟ್ಜರ್ಲೆಂಡ್, ಜರ್ಮನಿಯ ಕಂಪೆನಿಗಳವಾದರೂ ಅವನ್ನು ಕೂರಿಸುವುದು ಶಾಂಘೈನಲ್ಲಿ. ಅಮೆರಿಕದ ಬಂದರುಗಳಲ್ಲಿ ಇಂಥ ಕ್ರೇನುಗಳ ಪೈಕಿ ಸುಮಾರು ಶೇ 80ರಷ್ಟು ಚೀನಾದಲ್ಲಿ ತಯಾರಾದವು. ಇವು ಬೇಹುಗಾರಿಕೆಗೆ ಬಳಕೆಯಾದರೆ, ಬಿಕ್ಕಟ್ಟಿನ ಹೊತ್ತಿನಲ್ಲಿ ಯಾರಾದರೂ ದೂರದಿಂದಲೇ ನಿಲ್ಲಿಸಿಬಿಟ್ಟರೆ ಎಂಬ ಭಯ ಅಲ್ಲಿ ಹುಟ್ಟಿತು. ಕೆಲವು ಕ್ರೇನುಗಳಲ್ಲಿ, ಗುತ್ತಿಗೆಯಲ್ಲಿ ಕೇಳಿರದ ಮೋಡೆಮ್‌ಗಳಿದ್ದವೆಂದು ಸಂಸತ್ತಿನ ಸಮಿತಿಯೊಂದು 2024ರಲ್ಲಿ ವರದಿ ನೀಡಿತು. ತನ್ನ ಕ್ರೇನುಗಳಿಂದ ಅಪಾಯವಿಲ್ಲ ಎಂದು ಕಂಪೆನಿ ಹೇಳಿತು. ಬೇಹುಗಾರಿಕೆ ನಡೆದದ್ದಕ್ಕೆ ಪುರಾವೆಯಿಲ್ಲ ಎಂದು ಅಮೆರಿಕದ ಬಂದರುಗಳ ಸಂಘವೂ ಹೇಳಿತು.

2024ರ ಫೆಬ್ರುವರಿಯಲ್ಲಿ ಅಧ್ಯಕ್ಷ ಬೈಡನ್ ಬಂದರುಗಳ ಕಂಪ್ಯೂಟರ್ ಭದ್ರತೆಗೆ ಆದೇಶ ಹೊರಡಿಸಿದರು. ಕ್ರೇನ್ ತಯಾರಿಕೆಯನ್ನು ಸ್ವದೇಶಕ್ಕೆ ಮರಳಿ ತರುವ ಯೋಜನೆಯೂ ಆಗಲೇ ಪ್ರಕಟವಾಯಿತು. ಅದಕ್ಕೆ ಮುಂದೆ ಬಂದ ಸಂಸ್ಥೆ ಯಾವುದು? ಅದೇ ಪ್ಯಾಸಿಕೊ, ಜಪಾನೀ ಒಡೆತನದಲ್ಲಿ. ಮೇ ತಿಂಗಳಲ್ಲಿ ಚೀನಾ ಕ್ರೇನುಗಳ ಮೇಲೆ ಶೇ 25ರ ಸುಂಕ ಘೋಷಣೆಯಾದಾಗ ಮೊದಲು ದೂರಿದ್ದು ಅಮೆರಿಕದ ಬಂದರುಗಳೇ. ಸ್ವದೇಶದಲ್ಲಿ ತಯಾರಿಸುವವರೇ ಇಲ್ಲದಿರುವಾಗ ಸುಂಕದ ಹೊರೆ ಬೀಳುವುದು ತಮ್ಮ ಮೇಲೇ ಎಂಬುದು ಅವರ ವಾದ.

ವಿಳಿಂಜಂ ಬಂದರು 2025ರ ಮೇ 2ರಂದು ಪ್ರಧಾನಿಯವರಿಂದ ರಾಷ್ಟ್ರಕ್ಕೆ ಸಮರ್ಪಣೆಯಾಯಿತು. ಅಂದು ಅಲ್ಲಿ ನಿಂತಿದ್ದವು ಶಾಂಘೈನಿಂದ ಬಂದ ಕ್ರೇನುಗಳೇ. ಕೊಳ್ಳುವಾಗ ಯಾರೂ ಮಾಡಿದ್ದು ತಪ್ಪೆನ್ನಲಾಗದು. ಕಡಿಮೆ ಬೆಲೆಗೆ, ಪೂರ್ತಿ ಸಿದ್ಧವಾದ ಯಂತ್ರ ಬಾಗಿಲಿಗೇ ಬಂದು ನಿಂತರೆ ಯಾವ ಬಂದರು ಬೇಡವೆಂದೀತು? ಆದರೆ ಕೈಬಿಟ್ಟ ವಿದ್ಯೆಯನ್ನು ಮತ್ತೆ ಕಲಿಯಲು ಎಷ್ಟು ಕಾಲ, ಎಷ್ಟು ಹಣ ಬೇಕೆಂಬುದನ್ನು ಅಮೆರಿಕ ಈಗ ತಿಳಿಯುತ್ತಿದೆ. ಕಡಲತಡಿಯಲ್ಲಿ ಹೊಸ ಬಂದರುಗಳನ್ನು ಕಟ್ಟುತ್ತಿರುವ ನಾವೂ ಆ ಲೆಕ್ಕವನ್ನು ನೋಡಿಕೊಳ್ಳುವುದು ಒಳ್ಳೆಯದು.