ಅಂತಸ್ತುಗಳ ಎಣಿಕೆ: ಒಂದು ಐತಿಹಾಸಿಕ ವಿವೇಚನೆ

ಎಣಿಸುವದೆಂಬುದು ಮನುಷ್ಯನು ಬಾಲ್ಯದಲ್ಲಿಯೇ ಕಲಿಯುವ ವಿದ್ಯೆ. ಒಂದು, ಎರಡು, ಮೂರು ಎಂಬಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿರಲಾರದೆಂದು ಸಾಮಾನ್ಯವಾದ ನಂಬಿಕೆಯುಂಟು. ಆದರೆ ಮನೆಯ ಅಂತಸ್ತುಗಳನ್ನು ಎಣಿಸುವ ಕಾಲಕ್ಕೆ ಈ ನಂಬಿಕೆಯು ನಿಲ್ಲುವದಿಲ್ಲ. ನೆಲದ ಮೇಲೊಂದು, ಅದರ ಮೇಲೊಂದು, ಅದರ ಮೇಲೆ ಮತ್ತೊಂದು, ಹೀಗೆ ಕಟ್ಟಿದ ಕಟ್ಟಡವನ್ನು ಜನರು ಮೂರಂತಸ್ತಿನ ಮನೆಯೆಂದು ಕರೆಯುವರು. ಅದೇ ಮನೆಯ ತುದಿಯಲ್ಲಿ ವಾಸಿಸುವವರನ್ನು ಕೇಳಿದರೆ, ತಾವು ಎರಡನೆಯ ಅಂತಸ್ತಿನಲ್ಲಿರುವೆವೆಂದು ಹೇಳುವರು. ಮೂರಂತಸ್ತಿನ ಮನೆಗೆ ಮೂರನೆಯ ಅಂತಸ್ತೇ ಇಲ್ಲವೆಂದಂತಾಯಿತು! ಒಂದೇ ಭಾಷೆಯಲ್ಲಿ, ಒಂದೇ ಕಟ್ಟಡದ ವಿಷಯದಲ್ಲಿ, ಒಬ್ಬರ ಬಾಯಿಂದಲೇ ಬರುವ ಈ ಎರಡು ಎಣಿಕೆಗಳ ಮೂಲವು ಯಾವದು, ಇವುಗಳಿಂದ ಆಗಬಹುದಾದ ಹಾನಿಯೇನು ಎಂಬದು ವಿಚಾರಯೋಗ್ಯವಾಗಿದೆ.

ಮೊದಲು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಸೀಮೆಗಳ ಹಳೆಯ ಮನೆಗಳನ್ನು ನೋಡತಕ್ಕದ್ದು. ಇಲ್ಲಿ ಮಳೆಯು ಕಡಿಮೆ, ಬಿಸಿಲು ಪ್ರಖರ. ಆದುದರಿಂದ ಕಲ್ಲುಮಣ್ಣುಗಳ ದಪ್ಪ ಗೋಡೆ, ಅದರ ಮೇಲೆ ತೊಲೆ, ಜಂತಿ, ಅವುಗಳ ಮೇಲೆ ಮಣ್ಣು ಹಾಕಿ ಬಡಿದ ಸಮತಲವಾದ ಮಾಳಿಗೆ. ಬೆಳಕಿಗಾಗಿ ನಡುವೆ ಒಂದು ಬೆಳಕಿಂಡಿ. ಅನುಕೂಲವುಳ್ಳವರ ಮನೆಯಲ್ಲಿ ನೆಲಕ್ಕೆ ತಾಳಿಕೋಟೆಯ ಪರಸಿ ಕಲ್ಲು. ಜೋಳದ ಸಂಗ್ರಹಕ್ಕೆ ಭೂಮಿಯೊಳಗೆ ತೋಡಿದ ಹಗೇವು. ಈ ಸೀಮೆಯಲ್ಲಿ ಮಾಳಿಗೆಯೆಂದರೆ ಮನೆಯ ಮೇಲ್ಮೈಯೇ ಹೊರತು ಮತ್ತೊಂದು ಅಂತಸ್ತಲ್ಲ. ಮೆಣಸಿನಕಾಯಿ ಒಣಗಹಾಕುವದು, ಬೇಸಿಗೆಯಲ್ಲಿ ಮಲಗುವದು ಇವೇ ಅದರ ಉಪಯೋಗಗಳು. ದೇಸಗತಿಯ ವಾಡೆಗಳಲ್ಲಿ ಮೇಲೊಂದು ಅಂತಸ್ತಿದ್ದರೆ, ಕೆಳಗಿನ ಮನೆ, ಮೇಲಿನ ಮನೆ ಎಂಬ ಎರಡು ಮಾತುಗಳಿಂದ ವ್ಯವಹಾರವೆಲ್ಲವೂ ಸಾಗುತ್ತಿತ್ತು. ಎರಡೇ ಇದ್ದಲ್ಲಿ ಎಣಿಕೆಯ ಅವಶ್ಯಕತೆಯೇ ಬರುವದಿಲ್ಲ. ಮೂರನೆಯದು ಹುಟ್ಟಿದಾಗಲೇ ಅಂಕೆಯು ಬೇಕಾಗುವದು.

ಹಾಗೆಂದು ಬಹು ಅಂತಸ್ತಿನ ಕಟ್ಟಡಗಳ ಕಲ್ಪನೆಯು ಈ ದೇಶಕ್ಕೆ ಹೊಸದಲ್ಲ. ಸಂಸ್ಕೃತದ ಶಿಲ್ಪಶಾಸ್ತ್ರದಲ್ಲಿ ಅಂತಸ್ತಿಗೆ ತಲವೆಂತಲೂ ಭೂಮಿಯೆಂತಲೂ ಹೆಸರು. ಮಾನಸಾರವೆಂಬ ಗ್ರಂಥದಲ್ಲಿ ಒಂದು ಭೂಮಿಯ ವಿಮಾನದಿಂದ ಹನ್ನೆರಡು ಭೂಮಿಗಳ ವಿಮಾನದವರೆಗೆ ಲಕ್ಷಣಗಳನ್ನು ಹೇಳಿದೆ. ಅಲ್ಲಿ ಏಕತಲವೆಂದರೆ ನೆಲದ ಮೇಲಣ ಒಂದೇ ಅಂತಸ್ತು. ದ್ವಿತಲವೆಂದರೆ ಅದರ ಮೇಲೆ ಇನ್ನೊಂದು. ನೆಲವನ್ನು ಬಿಟ್ಟು ಎಣಿಸುವ ಪ್ರಶ್ನೆಯೇ ಇಲ್ಲ. ಏಕೆಂದರೆ ಭೂಮಿಯೆಂಬ ಹೆಸರೇ ನೆಲದಿಂದ ಬಂದದ್ದು. ಹಳಗನ್ನಡದ ನೆಲೆ ಎಂಬ ಶಬ್ದವೂ ಇಂಥದೇ. ನಿಲ್ಲುವ ಸ್ಥಾನವೇ ನೆಲೆ. ಏಳು ನೆಲೆಯ ಉಪ್ಪರಿಗೆಯೆಂದರೆ ನಿಲ್ಲುವದಕ್ಕೆ ಏಳು ಸ್ಥಾನಗಳುಳ್ಳ ಸೌಧ. ಪುರಾಣಗಳ ಲೋಕವಿಭಾಗವೂ ಇದೇ ಕ್ರಮದ್ದು. ಮೇಲಿನ ಏಳು ಲೋಕಗಳಲ್ಲಿ ಭೂಲೋಕವೇ ಮೊದಲನೆಯದು. ಕೆಳಗಿನ ಏಳರಲ್ಲಿ ಅತಲವು ಮೊದಲನೆಯದು. ಇವೆರಡರ ನಡುವೆ ಎಣಿಕೆಗೆ ಸಿಕ್ಕದ ಲೋಕವೊಂದಿಲ್ಲ. ಸೊನ್ನೆಯ ಗಣಿತದ ನಿಯಮಗಳನ್ನು ಬ್ರಹ್ಮಗುಪ್ತನು ಕ್ರಿ. ಶ. 628 ರಷ್ಟು ಹಿಂದೆಯೇ ಬರೆದಿಟ್ಟ ದೇಶದಲ್ಲಿ, ಕಟ್ಟಡದ ಎಣಿಕೆಗೆ ಮಾತ್ರ ಸೊನ್ನೆಯನ್ನು ಕರೆಯಲಿಲ್ಲವೆಂಬದು ಗಮನಿಸತಕ್ಕ ಸಂಗತಿಯಾಗಿದೆ.

ಆದಿಲಶಾಹಿಯ ಕಾಲದಲ್ಲಿಯೂ ಎಣಿಕೆಯು ಹೀಗೆಯೇ ಇತ್ತು. ಎರಡನೆಯ ಇಬ್ರಾಹಿಂ ಆದಿಲಶಹನು 1583 ರಲ್ಲಿ ವಿಜಯಪುರದ ಕೋಟೆಯೊಳಗೆ ಕಟ್ಟಿಸಿದ ಅರಮನೆಗೆ ಸಾತ್ ಮಂಜಿಲ್ ಎಂದು ಹೆಸರು. ಏಳು ಅಂತಸ್ತುಗಳಿದ್ದ ಆ ಸೌಧದಲ್ಲಿ ಈಗ ಐದು ಮಾತ್ರ ಉಳಿದಿವೆ. 1656 ರಲ್ಲಿ ಮರಣ ಹೊಂದಿದ ಮಹಮ್ಮದ ಆದಿಲಶಹನ ಸಮಾಧಿಯಾದ ಗೋಳಗುಮ್ಮಟದ ನಾಲ್ಕು ಮೂಲೆಗಳಲ್ಲಿರುವ ಎಂಟು ಮೂಲೆಯ ಗೋಪುರಗಳನ್ನೂ ಏಳು ಅಂತಸ್ತಿನವುಗಳೆಂದೇ ವರ್ಣಿಸುವರು. ಎರಡೂ ಕಡೆಗಳಲ್ಲಿ ನೆಲದ ಅಂತಸ್ತು ಲೆಕ್ಕದೊಳಗೆ ಸೇರಿದೆ. ಇಂದಿನ ಬಾಡಿಗೆಯ ಕರಾರಿನ ರೂಢಿಯಂತೆ ಹೇಳಿದರೆ ಸಾತ್ ಮಂಜಿಲಿನ ತುದಿಯು ಆರನೆಯ ಅಂತಸ್ತೆನಿಸುವದು.

ಮಂಜಿಲ್ ಎಂಬದು ಅರಬಿ ಶಬ್ದ. ಇಳಿದುಕೊಳ್ಳುವ ತಾಣವೆಂದು ಅದರ ಅರ್ಥ. ಪ್ರಯಾಣದ ಒಂದು ಹಂತಕ್ಕೆ ಕನ್ನಡದಲ್ಲಿ ಮಜಲು ಎನ್ನುವದೂ, ಕಟ್ಟಡದ ಅಂತಸ್ತಿಗೆ ಮರಾಠಿಯಲ್ಲಿ ಮಜಲಾ ಎನ್ನುವದೂ ಇದರಿಂದಲೇ. ಈ ಎರಡು ಅರ್ಥಗಳಲ್ಲಿ ಒಂದು ಸೂಕ್ಷ್ಮವಿದೆ. ತಂಗುವ ತಾಣಗಳನ್ನು ಎಣಿಸಿದರೆ ನೆಲದ ಅಂತಸ್ತೂ ಒಂದು ತಾಣವೇ. ಆದರೆ ದಾರಿಯ ಮಜಲುಗಳನ್ನು ಎಣಿಸುವಾಗ ಹೊರಟ ಊರನ್ನು ಯಾರೂ ಲೆಕ್ಕಕ್ಕೆ ಹಿಡಿಯುವದಿಲ್ಲ. ಮರಾಠಿಯಲ್ಲಿ ಈ ಎರಡೂ ಎಣಿಕೆಗಳು ಇಂದಿಗೂ ಜೊತೆಯಾಗಿ ಬಾಳುತ್ತಿವೆ. ನೆಲದ ಮೇಲೆ ಒಂದೇ ಅಂತಸ್ತನ್ನು ಏರಿಸಿದ ಮನೆಯು ದುಮಜಲೀ, ಅಂದರೆ ಎರಡು ಮಜಲಿನದು. ಆದರೆ ಅದರ ಕೆಳಭಾಗವು ತಳಮಜಲಾ, ಮೇಲ್ಭಾಗವು ಪಹಿಲಾ ಮಜಲಾ. ಕನ್ನಡದ ಎರಡಂತಸ್ತಿನ ಮನೆ ಮತ್ತು ಮೊದಲನೆಯ ಅಂತಸ್ತು ಎಂಬ ಮಾತುಗಳ ಸ್ಥಿತಿಯೂ ಇದೇ.

ಆಂಗ್ಲರು ನೆಲದ ಅಂತಸ್ತಿಗೆ ಗ್ರೌಂಡ್ ಫ್ಲೋರ್ ಎಂದು ಬೇರೆ ಹೆಸರಿಟ್ಟು, ಅದರ ಮೇಲಿನದನ್ನು ಮೊದಲನೆಯದೆಂದು ಎಣಿಸುವವರು. ಫ್ರಾನ್ಸಿನಲ್ಲಿಯೂ ಇದೇ ಪದ್ಧತಿ. ಜಿಲ್ಲೆಯ ಮುಖ್ಯ ಠಾಣ್ಯವು ಕಲಾದಗಿಯಿಂದ ವಿಜಯಪುರಕ್ಕೆ 1885 ರಲ್ಲಿ ಬಂದ ಮೇಲೆ ಹಳೆಯ ಮಹಲುಗಳಲ್ಲಿ ಸರಕಾರಿ ಕಚೇರಿಗಳು ನೆಲೆಗೊಂಡವು. 1956 ರ ವರೆಗೆ ಈ ಪ್ರಾಂತವು ಮುಂಬಯಿಯ ಆಡಳಿತದಲ್ಲಿತ್ತು. ನಕಾಶೆ, ಅಂದಾಜುಪತ್ರಿಕೆ, ಬಾಡಿಗೆಪತ್ರ ಇವೆಲ್ಲ ಆಂಗ್ಲ ಪದ್ಧತಿಯಲ್ಲಿ ನಡೆದವು. ಇಂಡಿಯ ನೆರೆಯಲ್ಲಿರುವ ಸೊಲ್ಲಾಪುರದ ಗಿರಣಿಗಳಿಗೂ, ದೂರದ ಮುಂಬಯಿಗೂ ಹೊಟ್ಟೆಪಾಡಿಗಾಗಿ ಹೋದವರು ತಳಮಜಲಾ, ಪಹಿಲಾ ಮಜಲಾಗಳ ರೂಢಿಯನ್ನು ಕಲಿತು ಬಂದರು. ಈ ಬಗೆಯಾಗಿ ಕಚೇರಿಯ ಎಣಿಕೆಯೂ ಚಾಳಿನ ಎಣಿಕೆಯೂ ಒಂದಾಗಿ, ಅಂತಸ್ತಿನ ಕ್ರಮಸಂಖ್ಯೆಯಲ್ಲಿ ನೆಲವನ್ನು ಬಿಡುವದು ಸ್ಥಿರವಾಯಿತು. ಒಟ್ಟು ಸಂಖ್ಯೆಯನ್ನು ಹೇಳುವಲ್ಲಿ ಮಾತ್ರ ಹಳೆಯ ಏಳು ನೆಲೆಯ ಕ್ರಮವೇ ಉಳಿದುಕೊಂಡಿತು. ಇಂದಿನ ಗೌಂಡಿಗಳು ಎಷ್ಟು ಸ್ಲ್ಯಾಬಿನ ಮನೆಯೆಂದು ಕೇಳುವದು ಆ ಹಳೆಯ ಕ್ರಮದ ಮುಂದುವರಿಕೆಯೇ ಆಗಿದೆ.

ಹಾಗಾದರೆ ಎರಡರಲ್ಲಿ ಸರಿಯಾದದ್ದು ಯಾವದು? ಎರಡೂ ಸರಿಯೇ. ಒಂದರಲ್ಲಿ ಇರುವ ಅಂತಸ್ತುಗಳನ್ನು ಎಣಿಸುವರು. ಇನ್ನೊಂದರಲ್ಲಿ ಏರಿ ಮುಗಿಸಿದ ಅಂತಸ್ತುಗಳನ್ನು ಎಣಿಸುವರು. ಪ್ರತಿಯೊಂದು ಮನೆಯಲ್ಲಿಯೂ ಮಕ್ಕಳ ವಯಸ್ಸನ್ನು ಹೇಳುವಾಗ ಈ ಭೇದವು ಸಹಜವಾಗಿಯೇ ತೋರುತ್ತದೆ. ಹನ್ನೆರಡು ತುಂಬಿ ಹದಿಮೂರರಲ್ಲಿ ಬಿದ್ದಿದೆಯೆಂದು ಹಿರಿಯರು ಹೇಳಿದರೆ, ಎರಡು ಅಂಕೆಗಳಿದ್ದರೂ ವಯಸ್ಸು ಒಂದೇ. ಶಾಸನಗಳಲ್ಲಿ ಶಕವರ್ಷವನ್ನು ಎಣಿಸುವ ಕ್ರಮವೂ ಹೀಗೆಯೇ ಇಬ್ಬಗೆಯದು. ಕಳೆದುಹೋದ ವರ್ಷಗಳನ್ನು ಹೇಳಿದರೆ ಗತ. ನಡೆಯುತ್ತಿರುವ ವರ್ಷವನ್ನು ಹೇಳಿದರೆ ವರ್ತಮಾನ. ಗತಶಕಕ್ಕೆ ಸಾಮಾನ್ಯವಾಗಿ 78 ನ್ನು ಕೂಡಿಸಿದರೆ ಕ್ರಿಸ್ತವರ್ಷ ಬರುವದು. ವರ್ತಮಾನವಾದರೆ 77 ನ್ನು ಕೂಡಿಸತಕ್ಕದ್ದು.

ಇಂಡಿ ತಾಲೂಕಿನ ಸಾಲೋಟಗಿಯ ಪ್ರಸಿದ್ಧ ಸ್ತಂಭಶಾಸನವು ಇದಕ್ಕೆ ಹತ್ತಿರದ ಉದಾಹರಣೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ಅವನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರೆಂದೂ, ಅವರ ವಾಸಕ್ಕೆ 27 ಮನೆಗಳಿದ್ದವೆಂದೂ ಶಾಸನದಿಂದ ತಿಳಿಯುತ್ತದೆ. ಅದರಲ್ಲಿಯ ಶಕವರ್ಷವು 867. ಅದನ್ನು ಗತವೆಂದು ಹಿಡಿದು ಕ್ರಿ. ಶ. 945 ಎಂದು ವಿದ್ವಾಂಸರು ಹೇಳುವರು. ವರ್ತಮಾನವೆಂದು ಹಿಡಿದಿದ್ದರೆ 944 ಆಗುತ್ತಿತ್ತು. ಕಲ್ಲಿನಲ್ಲಿ ಕೊರೆದ ಅಂಕೆಯು ಸ್ಪಷ್ಟವಾಗಿದ್ದರೂ, ಎಣಿಕೆಯ ಆರಂಭವು ಯಾವದೆಂಬದು ತಿಳಿಯದಿದ್ದರೆ ಒಂದು ವರ್ಷದ ಅಂತರ ಬೀಳುವದು. ಕಟ್ಟಡದಲ್ಲಿ ಅದೇ ಅಂತರವು ಒಂದು ಅಂತಸ್ತಿನದಾಗುವದು.

ಈ ಪ್ರಶ್ನೆಯು ಇತ್ತೀಚೆಗೆ ಹೊಸ ರೂಪವನ್ನು ತಾಳಿದೆ. ಹಿಂದೆ ನಕಾಶೆಯನ್ನು ಕಾಗದದ ಮೇಲೆ ಕೈಯಿಂದ ಬರೆಯುತ್ತಿದ್ದರು. ಬರೆದವನೂ ಕಟ್ಟುವವನೂ ಒಂದೇ ಸೀಮೆಯವರಾದ್ದರಿಂದ ತೊಡಕು ಕಡಿಮೆಯಿತ್ತು. ಈಗ ನಕಾಶೆಗಳು ಗಣಕಯಂತ್ರದಲ್ಲಿ ಸಿದ್ಧವಾಗುತ್ತವೆ. ಅದಕ್ಕೆ ಬೇಕಾದ ತಂತ್ರಾಂಶಗಳು ಬೇರೆ ಬೇರೆ ದೇಶಗಳಲ್ಲಿ ಹುಟ್ಟಿ, ಆಯಾ ದೇಶದ ರೂಢಿಯನ್ನು ಹೊತ್ತುಕೊಂಡು ಬರುತ್ತವೆ. ಅಮೆರಿಕದಲ್ಲಿ ನೆಲದ ಅಂತಸ್ತೇ ಮೊದಲನೆಯದು. ರಶಿಯಾ, ಚೀನ, ಜಪಾನ ದೇಶಗಳಲ್ಲಿಯೂ ಹಾಗೆಯೇ. ಅಮೆರಿಕದಲ್ಲಿ 2000 ದಲ್ಲಿ ಹೊರಬಂದು 2002 ರಲ್ಲಿ ಆಟೋಡೆಸ್ಕ್ ಕಂಪನಿಯ ಕೈಸೇರಿದ ರೆವಿಟ್ ಎಂಬ ತಂತ್ರಾಂಶದ ಅಲ್ಲಿಯ ಮಾದರಿ ಕಡತವನ್ನು ತೆರೆದರೆ ನೆಲಮಟ್ಟಕ್ಕೆ ಲೆವೆಲ್ 1, ಅದರ ಮೇಲಿನದಕ್ಕೆ ಲೆವೆಲ್ 2 ಎಂದು ಬರೆದಿರುವದು. ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ 1982 ರಲ್ಲಿ ಸ್ಥಾಪಿತವಾದ ಗ್ರಾಫಿಸಾಫ್ಟ್ ಕಂಪನಿಯ ಆರ್ಕಿಕ್ಯಾಡ್‌ನಲ್ಲಿ ನೆಲದ ಅಂತಸ್ತಿಗೆ ಸೊನ್ನೆಯ ಅಂಕೆಯುಂಟು. ಹಂಗೇರಿಯವರು ನೆಲವನ್ನು ಬಿಟ್ಟು ಎಣಿಸುವವರು. ಸೊನ್ನೆಯು ಬೇಡವೆನ್ನುವವರಿಗಾಗಿ ಅದನ್ನು ತೆಗೆದುಹಾಕುವ ಅನುಕೂಲತೆಯನ್ನೂ ಆ ತಂತ್ರಾಂಶದಲ್ಲಿ ಇಟ್ಟಿದ್ದಾರೆ. ಭೂಲೋಕವನ್ನು ಒಂದೆಂದು ಎಣಿಸಿ, ಅದರ ಕೆಳಗೆ ನೇರವಾಗಿ ಅತಲವನ್ನು ಹೇಳುವ ಪುರಾಣಕ್ರಮಕ್ಕೆ ಇದು ಸಮನಾಗಿದೆ.

ಈ ತಾಲೂಕುಗಳಿಂದ ವಾಸ್ತುವಿದ್ಯೆಯನ್ನೋ ಯಂತ್ರವಿದ್ಯೆಯನ್ನೋ ಓದಿ ಬೆಂಗಳೂರು, ಪುಣೆಗಳಿಗೆ ಹೋಗುವ ತರುಣರು ಅಮೆರಿಕದ ಕಟ್ಟಡಗಳಿಗೂ ನಕಾಶೆ ಬರೆಯಬೇಕಾಗಿ ಬರುವದುಂಟು. ಅಲ್ಲಿಯ ಯಜಮಾನನು ಎರಡನೆಯ ಅಂತಸ್ತಿನ ಗೋಡೆಯನ್ನು ಬದಲಿಸೆಂದು ಬರೆದರೆ, ಇಲ್ಲಿ ಅದನ್ನು ಮೂರನೆಯ ನೆಲೆಯೆಂದು ಗ್ರಹಿಸುವ ಸಂಭವವಿದೆ. ಅಂಕೆಯಲ್ಲಿ ತಪ್ಪಿಲ್ಲ, ಗಣಕಯಂತ್ರದಲ್ಲಿ ತಪ್ಪಿಲ್ಲ. ಆದರೂ ಗೋಡೆಯು ಬೇರೆ ಸ್ಥಳದಲ್ಲಿ ಏಳುವದು.

ಎಲ್ಲಿಂದ ಎಣಿಸಬೇಕೆಂಬ ಪ್ರಶ್ನೆಯ ಮಹತ್ತ್ವವನ್ನು ಕೃಷ್ಣಾತೀರದ ಜನರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಹಿಂದೆ ಬಾಗೇವಾಡಿ ತಾಲೂಕಿಗೆ ಸೇರಿದ್ದ, ಈಗ ನಿಡಗುಂದಿ ತಾಲೂಕಿನಲ್ಲಿರುವ ಆಲಮಟ್ಟಿಯಲ್ಲಿ 1964 ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಅದರ ಕಟ್ಟಡದ ಎತ್ತರವು ಸುಮಾರು 52 ಮೀಟರು. ಆದರೆ ಜನರ ಬಾಯಲ್ಲಿರುವ ಅಂಕೆಗಳು 519.60 ಮತ್ತು 524.256. ಇವು ನದಿಯ ತಳದಿಂದ ಅಳೆದವಲ್ಲ, ಸಮುದ್ರಮಟ್ಟದಿಂದ ಅಳೆದವು. ಸರ್ವೋಚ್ಚ ನ್ಯಾಯಾಲಯವು 2000 ದಲ್ಲಿ ಮೊದಲನೆಯ ಮಟ್ಟಕ್ಕೆ ಅನುಮತಿಯನ್ನಿತ್ತಿತು; ಕೃಷ್ಣಾ ನ್ಯಾಯಾಧಿಕರಣವು 2010 ರಲ್ಲಿ ಎರಡನೆಯದಕ್ಕೆ ಒಪ್ಪಿತು. ಯಾರ ಹೊಲ ಮುಳುಗುವದು, ಯಾರದು ಉಳಿಯುವದು ಎಂಬದೆಲ್ಲ ಈ ಅಂಕೆಗಳ ಮೇಲೆಯೇ ನಿಂತಿದೆ. ಅಲ್ಲಿ ಗೊಂದಲವಾಗದಿರುವದಕ್ಕೆ ಕಾರಣವೇನೆಂದರೆ, ಸೊನ್ನೆಯು ಎಲ್ಲಿದೆಯೆಂಬದನ್ನು ಎಲ್ಲರೂ ಮೊದಲೇ ಒಪ್ಪಿಕೊಂಡಿದ್ದಾರೆ.

ಮನೆಗಳ ವಿಷಯದಲ್ಲಿ ಅಂಥ ಒಪ್ಪಂದವು ಇನ್ನೂ ಆಗಿಲ್ಲ. ಈ ನಾಲ್ಕು ಪಟ್ಟಣಗಳಲ್ಲಿಯೂ ಮಣ್ಣಿನ ಮಾಳಿಗೆಗಳು ಹೋಗಿ ಸಿಮೆಂಟಿನ ಕಟ್ಟಡಗಳು ಏಳುತ್ತಿವೆ. ಕೆಳಗೆ ಅಂಗಡಿ, ಮೇಲೆ ಬಾಡಿಗೆಯ ಮನೆಗಳು ಸಾಮಾನ್ಯವಾಗಿವೆ. ಕೆಳಗಡೆ ಬರೀ ಕಂಬಗಳ ಮೇಲೆ ಗಾಡಿ ನಿಲ್ಲಿಸುವ ಜಾಗವನ್ನು ಬಿಟ್ಟರೆ ಅದನ್ನು ಅಂತಸ್ತೆಂದು ಎಣಿಸಬೇಕೋ ಬೇಡವೋ ಎಂಬ ಹೊಸ ಸಂದೇಹವೂ ಹುಟ್ಟಿದೆ. ರಾತ್ರಿಯಲ್ಲಿ ಬೆಂಕಿ ಬಿದ್ದಾಗ, ಅಥವಾ ಮನೆಯ ಹಿರಿಯರಿಗೆ ಎದೆನೋವು ಬಂದಾಗ, ಗಾಬರಿಯಾದವರು ಮೂರನೆಯ ಅಂತಸ್ತೆಂದು ಕೂಗಿ ಹೇಳಿದರೆ, ಬಂದವರು ಯಾವ ಬಾಗಿಲನ್ನು ಬಡಿಯಬೇಕು? ಖರೀದಿಪತ್ರದಲ್ಲಿ ಎರಡನೆಯ ಅಂತಸ್ತೆಂದಷ್ಟೇ ಬರೆದಿದ್ದರೆ, ಮುಂದಿನ ತಲೆಮಾರಿನವರು ಯಾವ ನೆಲೆಗೆ ಹಕ್ಕುದಾರರು? ಇವು ಶಬ್ದಶಾಸ್ತ್ರದ ವಿನೋದಗಳಲ್ಲ.

ಇದಕ್ಕೆ ಪರಿಹಾರವು ಕಠಿಣವಾದುದಲ್ಲ. ಒಂದು ಪದ್ಧತಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯಿರೆಂದು ಜನರ ಮಾತನ್ನು ತಿದ್ದಹೋಗುವದು ನಿಷ್ಫಲ. ಹಿಂದಿನ ಶಾಸನಗಳಲ್ಲಿ ಶಕನೃಪಕಾಲಾತೀತವೆಂದು ವಿಶೇಷಣವನ್ನು ಸೇರಿಸಿ ಎಣಿಕೆಯ ಕ್ರಮವನ್ನು ಸೂಚಿಸುವ ರೂಢಿಯಿತ್ತು. ಅದರಂತೆ ಪತ್ರಗಳಲ್ಲಿ ನೆಲದ ಅಂತಸ್ತನ್ನು ಸೇರಿಸಿ ಮೂರನೆಯದು, ಇಲ್ಲವೆ ನೆಲದ ಅಂತಸ್ತನ್ನು ಬಿಟ್ಟು ಎರಡನೆಯದು ಎಂದು ನಾಲ್ಕು ಮಾತು ಹೆಚ್ಚು ಬರೆದರೆ ಸಾಕು. ಖರೀದಿಪತ್ರದಲ್ಲಿ ನಾಲ್ಕು ದಿಕ್ಕುಗಳ ಚಕ್ಕುಬಂದಿಯನ್ನು ಬರೆಯುವಂತೆ, ಬಹು ಅಂತಸ್ತಿನ ಕಟ್ಟಡದಲ್ಲಿ ಮೇಲಿರುವದು ಯಾವದು, ಕೆಳಗಿರುವದು ಯಾವದು ಎಂಬದನ್ನೂ ಸೇರಿಸತಕ್ಕದ್ದು. ನಕಾಶೆಯಲ್ಲಿ ಅಂತಸ್ತಿನ ಹೆಸರಿನ ಜೊತೆಗೆ ನೆಲಮಟ್ಟದಿಂದ ಅದರ ಎತ್ತರವನ್ನು ಮೀಟರುಗಳಲ್ಲಿ ಬರೆದರೆ, ತಂತ್ರಾಂಶವು ಯಾವ ದೇಶದ್ದಾದರೂ ಸಂದೇಹವುಳಿಯದು. ಮೆಟ್ಟಿಲಿನ ಪ್ರತಿಯೊಂದು ತಿರುವಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಅಂತಸ್ತಿನ ಹೆಸರನ್ನು ಕನ್ನಡದಲ್ಲಿ ಬರೆಸುವದಕ್ಕೆ ಮನೆಯ ಯಜಮಾನನಿಗೆ ತಗಲುವ ವೆಚ್ಚವು ಅತ್ಯಲ್ಪ. ಪುರಸಭೆಗಳು ಕಟ್ಟಡಕ್ಕೆ ಅನುಮತಿ ಕೊಡುವಾಗ ಇಷ್ಟನ್ನು ಕೇಳಿ ಬರೆಸಿಕೊಂಡರೆ, ಆಪತ್ಕಾಲದಲ್ಲಿ ಹತ್ತಿ ಬರುವವರಿಗೆ ಸರಿಯಾದ ಬಾಗಿಲು ದೊರೆಯುವದು.